ರೈಟ್ ಅಂದರೆ ಮುಚ್ಚುವ ಕೈ

ಭಗವಂತನ ಫಜೀತಿಗೆ ಮೂಲ ಒಂದು ಪೇರಲಹಣ್ಣು. ಅದೂ ತಿನ್ನುವ ಪೇರಲವಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಗಿಡದಿಂದ ಉದುರುವ, ಗೋಲಿ ಗಾತ್ರದ ಹಸಿರು ಚುಕ್ಕೆ. ಅದು ಉದುರುವಾಗ ಅವನು ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆ ಹುಟ್ಟುತ್ತಿರಲಿಲ್ಲ. ಆದರೆ ಹದಿನಾರು ವರ್ಷ ಬಸ್ಸಿನ ಕಂಡಕ್ಟರನಾಗಿದ್ದವನಿಗೆ ಬಾಯಿ ಮುಚ್ಚಿಕೊಂಡಿರುವುದು ಅಷ್ಟು ಸುಲಭವಲ್ಲ.

ಚಿತ್ತಾಪುರದ ಡಿಪೋದಲ್ಲಿ ಭಗವಂತನ ದನಿ ಗೊತ್ತಿಲ್ಲದವರಿರಲಿಲ್ಲ. ಆ ಹದಿನಾರು ವರ್ಷದಲ್ಲಿ ಅವನು ಜನರಿಗೆ ಅತಿ ಹೆಚ್ಚು ಸಲ ಹೇಳಿದ ಮಾತು, "ಕೈ ಒಳಗ ತಗೋರಿ." ಹಾಗೆ ಹೇಳುತ್ತ ಹೇಳುತ್ತಲೇ ಎರಡು ವರ್ಷದ ಹಿಂದೆ ಸೇಡಂ ರಸ್ತೆಯಲ್ಲಿ, ತನ್ನ ಬಲಗೈಯನ್ನು ಕಿಟಕಿಯಿಂದ ಹೊರಗೆ ಚಾಚಿ, ಬಸ್ಸಿನ ತಗಡು ಬಡಿದು "ರೈಟ್" ಅಂದಿದ್ದ. ಎದುರಿಗೆ ಶಹಾಬಾದಿನ ಕಲ್ಲು ತುಂಬಿದ ಲಾರಿ ಬಂತು. ಮೊಳಕೈ ಕೆಳಗಿನದು ಹೋಯಿತು. ಇದು ನಗುವ ಸಂಗತಿಯಲ್ಲ. ಆದರೆ ಭಗವಂತ ಇದನ್ನು ತಾನೇ ನಗುತ್ತ ಹೇಳುತ್ತಿದ್ದ; ಕೇಳಿದವರು ನಗಬೇಕೋ ಬೇಡವೋ ತಿಳಿಯದೆ ಚಹಾ ತರಿಸುತ್ತಿದ್ದರು.

ಕೈ ಹೋದ ಮೇಲೆ ಅವನನ್ನು ಡಿಪೋದ ಗೇಟಿನಲ್ಲಿ ಒಂದು ಕುರ್ಚಿ ಹಾಕಿ ಕೂರಿಸಿದರು. ಒಳಗೆ ಬಂದ ಗಾಡಿಯ ನಂಬರು, ಹೊರಗೆ ಹೋದ ಗಾಡಿಯ ನಂಬರು, ಇವನ್ನು ಎಡಗೈಯಿಂದ ಬರೆಯುವುದು ಕೆಲಸ. ಸಂಬಳಕ್ಕೇನೂ ಕಡಿಮೆಯಾಗಲಿಲ್ಲ. ಬೇರೆಯವರಾದರೆ ಪುಣ್ಯ ಮಾಡಿದ್ದೆ ಎಂದುಕೊಳ್ಳುತ್ತಿದ್ದರೇನೋ, ಇವನಿಗೆ ಮಾತ್ರ ಆ ಕುರ್ಚಿ ಕಂಡರೆ ಎದೆ ಕುಸಿಯುತ್ತಿತ್ತು. ವಾಡಿಯಲ್ಲಿ ಹತ್ತಿ ನಾಲವಾರದಲ್ಲಿ ಇಳಿಯುವಷ್ಟರಲ್ಲಿ ತಮ್ಮ ಸೊಸೆಯ ಇಡೀ ಚರಿತ್ರೆ ಹೇಳಿ ಮುಗಿಸುವ ಮುದುಕಿಯರು, ಸೀಟಿಗಾಗಿ ಕಿಟಕಿಯಿಂದ ಟವೆಲ್ಲು ಎಸೆಯುವವರು, ಅರ್ಧ ಟಿಕೀಟಿಗಾಗಿ ಮೀಸೆ ಮೂಡಿದ ಮಗನನ್ನು ಹತ್ತು ವರ್ಷದವನೆನ್ನುವವರು, ಇವರೆಲ್ಲ ಅವನ ಕಣ್ಣ ಮುಂದೆಯೇ ಗೇಟು ದಾಟಿ ಹೋಗುತ್ತಿದ್ದರು. ಅವನು ನಂಬರು ಬರೆಯುತ್ತಿದ್ದ. ಲೈನಿಗೆ, ಅಂದರೆ ಓಡುವ ಬಸ್ಸಿಗೆ, ಮರಳಬೇಕು, ಅದೊಂದೇ ಅವನ ಆಸೆ.

ಆ ಆಸೆಗೆ ದಾರಿ ತೋರಿಸಿದವಳು ಪ್ರಮಿತಾ. ಕಲಬುರ್ಗಿಯ ಹುಡುಗಿ, ಹೈದರಾಬಾದಿನ ಒಂದು ಸಂಸ್ಥೆಯಲ್ಲಿ ಕೆಲಸ. ಬ್ಯಾಟರಿಯಿಂದ ನಡೆಯುವ ಕೈಗಳನ್ನು ನಾಲ್ಕಾರು ಜನರಿಗೆ ಕೊಟ್ಟು ನೋಡುವ ಪ್ರಯೋಗ ನಡೆದಿತ್ತು; ಅದಕ್ಕಾಗಿ ಪ್ರತಿ ಗುರುವಾರ ವಾಡಿಗೆ ಬಂದು ಒಂದು ಬಾಡಿಗೆ ಕೋಣೆಯಲ್ಲಿ ಕಲಿಸುತ್ತಿದ್ದಳು. ಉಳಿದ ತೋಳಿನ ಚರ್ಮಕ್ಕೆ ನಾಣ್ಯದಂಥ ಎರಡು ಬಿಲ್ಲೆ ಅಂಟಿಸಬೇಕು. ಒಳಮಗ್ಗುಲಿನ ಸ್ನಾಯು ಬಿಗಿ ಹಿಡಿದರೆ ಕೈ ಮುಚ್ಚುತ್ತದೆ, ಹೊರಮಗ್ಗುಲಿನದು ಬಿಗಿ ಹಿಡಿದರೆ ತೆರೆಯುತ್ತದೆ. ಆದರೆ ಕೈ ಹಾಕಿಕೊಳ್ಳುವ ಮೊದಲು ಸ್ನಾಯುಗಳಿಗೆ ಅಭ್ಯಾಸವಾಗಬೇಕು. ಅದಕ್ಕೆಂದೇ ಕಂಪ್ಯೂಟರಿನಲ್ಲಿ ಆ ಪೇರಲಗಿಡದ ಆಟ. ಹಣ್ಣು ಬಿದ್ದಾಗ ಬುಟ್ಟಿ ಮುಚ್ಚಿ ಹಿಡಿಯಬೇಕು, ಕೆಳಗೆ ಬಂಡಿ ಬಂದಾಗ ಬುಟ್ಟಿ ತೆರೆದು ಬಿಡಬೇಕು.

ಮೂರು ವಾರ ಭಗವಂತನ ಲೆಕ್ಕ ಸೊನ್ನೆ ದಾಟಲಿಲ್ಲ.

"ಕೈ ಮುಚ್ಚಲಿಕತ್ತೀನಿ ಅಂತ ಮನಸ್ಸಿನಾಗ ತಿಳ್ಕೋರಿ, ಭಗವಂತಣ್ಣ," ಎನ್ನುತ್ತಿದ್ದಳು ಪ್ರಮಿತಾ.

"ಇಲ್ಲದ ಕೈ ಹ್ಯಾಂಗ ಮುಚ್ಚಲಿರಿ, ಮೇಡಂ. ಇದ್ದಾಗರೆ ಯಾವಾಗ ಹೇಳಿ ಮುಚ್ಚೀನಿ."

ಅವಳು ಬೇಸರಿಸಲಿಲ್ಲ. ಮನೆಯಲ್ಲಿ ಆಡಲೆಂದು ಸೂಟಕೇಸಿನಷ್ಟು ಭಾರದ ಒಂದು ಹಳೆಯ ಲ್ಯಾಪ್‌ಟಾಪನ್ನು ಎರಡು ತಿಂಗಳಿಗೆ ಕೊಟ್ಟಳು. ನಾಲ್ಕನೆಯ ವಾರದ ಒಂದು ಸಂಜೆ, ಹಣ್ಣುಗಳು ಒಂದರ ಹಿಂದೊಂದು ನೆಲಕ್ಕೆ ಬಿದ್ದು ಹಾಳಾಗುತ್ತಿದ್ದಾಗ, ಸಿಟ್ಟಿನಲ್ಲಿ ಭಗವಂತನ ಬಾಯಿಂದ ತಾನಾಗಿ ಬಂತು: "ರೈಟ್."

ಬುಟ್ಟಿ ಮುಚ್ಚಿತು.

ಅವನು ಗಾಬರಿಯಾದ. ಹದಿನಾರು ವರ್ಷ ಆ ಮಾತು ಅಂದಾಗಲೆಲ್ಲ ಬಲಗೈ ಬಿಗಿಯಾಗಿ ಮುಷ್ಟಿಯಾಗಿ ತಗಡು ಬಡಿದಿತ್ತು. ಕೈ ಹೋಗಿದ್ದರೂ ಸ್ನಾಯು ಆ ಮಾತನ್ನು ಮರೆತಿರಲಿಲ್ಲ. ಬಂಡಿ ಬಂದಾಗ ಮೆಲ್ಲಗೆ "ಹೋಲ್ಡಾನ್" ಅಂದ. ಬುಟ್ಟಿ ತೆರೆಯಿತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಅನಸುಬಾಯಿಯನ್ನು ಕರೆದು ತೋರಿಸಿದ. ಅವಳು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು.

ಸುದ್ದಿ ಓಣಿಗೆ ಹಬ್ಬಲು ಬಹಳ ಹೊತ್ತು ಬೇಕಾಗಲಿಲ್ಲ. ಕರೆಂಟಿದ್ದ ಪ್ರತಿ ಸಂಜೆ ಓಣಿಯೆಲ್ಲ ಅವನ ಪಡಸಾಲೆಯಲ್ಲಿ. ಮುಂದಿನ ಸಾಲಿನಲ್ಲಿ ಗಿರಣಿಯ ಶಿವಕಾಂತಮ್ಮ. ಮೂವತ್ತು ವರ್ಷ ಹಿಟ್ಟಿನ ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ಪಿಸುಮಾತೂ ಮೂರು ಮನೆಗೆ ಕೇಳುತ್ತಿತ್ತು. ಅವಳ ಪಕ್ಕದಲ್ಲಿ ಕಲ್ಲಿನ ಖಣಿಯಿಂದ ನಿವೃತ್ತನಾದ ಜಟ್ಟೆಪ್ಪ, ತಲೆಗೆ ಹನ್ನೆರಡು ಮೊಳದ ರುಮಾಲು ಸುತ್ತಿಕೊಂಡು, ದಿನದ ಲೆಕ್ಕವನ್ನು ಇದ್ದಲಿನಿಂದ ಗೋಡೆಗೆ ಬರೆಯುತ್ತಿದ್ದ. ಹಣ್ಣು ಬಿದ್ದರೆ ಸಾಕು, ಭಗವಂತನಿಗಿಂತ ಮೊದಲು ಓಣಿಯೇ ಕೂಗುತ್ತಿತ್ತು: "ರೈಟ್." ಬಂಡಿ ಬಂದರೆ, "ಹೋಲ್ಡಾನ್." ಅವನ ಸ್ನಾಯು ಓಣಿಯ ಮಾತನ್ನೂ ಕೇಳತೊಡಗಿತು. ಮೊದಮೊದಲು ಅದು ಅವನಿಗೆ ಆರಾಮವೆನಿಸಿತು. ತಾನು ಬಾಯಿಬಿಡುವ ತ್ರಾಸೂ ತಪ್ಪಿತಲ್ಲ.

ತಿಂಗಳಲ್ಲಿ ಲೆಕ್ಕ ನಾನೂರ ಹನ್ನೆರಡಕ್ಕೆ ಮುಟ್ಟಿತು. ಬ್ಯಾಟರಿಯ ಕೈಯೂ ಬಂತು. ಓಣಿಯ ಜಯಕಾರದ ನಡುವೆ ಅವನು ಅದರಿಂದ ಒಂದು ಖಾಲಿ ಲೋಟ ಎತ್ತಿದ, ಇಳಿಸಿದ. ಪ್ರಮಿತಾ ಮಾತ್ರ ಸಂತೋಷಪಡುವ ಬದಲು ಹುಬ್ಬುಗಂಟಿಕ್ಕಿದಳು.

"ಒಮ್ಮಿ ಸುಮ್ಮನಿದ್ದು ಆಡ್ರಿ, ನೋಡೋಣು," ಅಂದಳು.

ಬಾಯಿ ಮುಚ್ಚಿ ಆಡಿದ. ಲೆಕ್ಕ ಮೂವತ್ತೊಂದು.

"ಇದು ಭಾಳ ತಪ್ಪಾಯ್ತು ನೋಡ್ರಿ. ಆಟ ಚಲೋ ಬಂದ್ರ ಕೈ ಬಂತು ಅಂತಲ್ಲ. ನೀವು ಆಟ ಕಲ್ತೀರಿ, ಕೈ ಕಲ್ತಿಲ್ಲ. ಕೈ ನಿಮ್ಮ ಮಾತು ಕೇಳ್ಬೇಕು, ಊರ ಮಾತಲ್ಲ. ಇನ್ನೊಂದು ತಿಂಗಳು ಬಟ್ಟಿ ಮಡಚ್ರಿ, ಲೋಟ ಹಿಡೀರಿ. ಕಂಪ್ಯೂಟರ್ ಮುಚ್ಚಿಡ್ರಿ."

"ನಾನೂರ ಹನ್ನೆರಡು ಆಗ್ಯಾದಲ್ಲರಿ, ಮೇಡಂ," ಅಂದ ಭಗವಂತ. ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದವನಿಗೆ ಮತ್ತೆ ಓದು ಅಂದಹಾಗಾಯಿತು ಅವನಿಗೆ. ಆ ವಾರವೇ ಡಿಪೋಗೆ ಅರ್ಜಿ ಕೊಟ್ಟ. ಕಲಬುರ್ಗಿಯಿಂದ ಒಬ್ಬ ಸಾಹೇಬರು ಬಂದು ಒಂದು ಟ್ರಿಪ್ ಜೊತೆಗೆ ಕೂತು ನೋಡುತ್ತಾರೆ, ಟಿಕೀಟು ಹರಿದು, ತೂತು ಹೊಡೆದು, ಚಿಲ್ಲರೆ ಕೊಟ್ಟು, ಕಂಬಿ ಹಿಡಿದು ಚಿತ್ತಾಪುರದಿಂದ ಸನ್ನತಿ ಮುಟ್ಟಿಸಿದರೆ ಸೋಮವಾರದಿಂದ ಲೈನು, ಇಲ್ಲವಾದರೆ ಕುರ್ಚಿಯೇ ಖಾಯಂ ಎಂದು ಉತ್ತರ ಬಂತು. ಶುಕ್ರವಾರ ಒಂಬತ್ತೂವರೆಯ ಗಾಡಿ.

ಆ ಶುಕ್ರವಾರ ಬೆಳಿಗ್ಗೆ ಏಳಕ್ಕೆ ಜಟ್ಟೆಪ್ಪ ಎಳ್ಳೆಣ್ಣೆಯ ಬಟ್ಟಲು ಹಿಡಿದು ಬಂದ.

"ಪರೀಕ್ಷಾ ಅದ ಅಂದ್ರ ನರ ಸಡ್ಲಾಗಬೇಕು, ತಮ್ಮಾ. ಖಣಿಯಾಗ ನಾವು ಹಿಂಗೇ ಮಾಡ್ತಿದ್ವಿ." ಎಂದವನೇ ಭಗವಂತನ ಮೋಟುತೋಳಿಗೆ ಎಣ್ಣೆ ಸುರಿದು ಅರ್ಧ ತಾಸು ತಿಕ್ಕಿದ. ತೋಳು ಹೊಸ ಹಂಚಿನಂತೆ ಹೊಳೆಯಿತು. ಬಿಲ್ಲೆ ಮಾತ್ರ ಅಂಟಲಿಲ್ಲ. ಅಂಟಿದರೂ ಎಣ್ಣೆಯೊಳಗಿಂದ ಸ್ನಾಯುವಿನ ಸುದ್ದಿ ಅದಕ್ಕೆ ಮುಟ್ಟಲಿಲ್ಲ. ಅನಸುಬಾಯಿ ಕಡಲೆಹಿಟ್ಟು ಹಚ್ಚಿ ತೊಳೆದಳು, ಸಾಬೂನು ಹಚ್ಚಿ ತೊಳೆದಳು, ಜಟ್ಟೆಪ್ಪನನ್ನು ಬಯ್ದಳು, ಮತ್ತೆ ತೊಳೆದಳು. ಒಂಬತ್ತಕ್ಕೆ ಕೈ ಜೀವ ಹಿಡಿಯಿತು.

ಜಟ್ಟೆಪ್ಪನಿಗೆ ಪಶ್ಚಾತ್ತಾಪವಾಯಿತು. ನಮ್ಮ ಕಡೆ ಪಶ್ಚಾತ್ತಾಪವಾದವರು ಸುಮ್ಮನೆ ಮನೆಯಲ್ಲಿ ಕೂರುವುದಿಲ್ಲ, ಸಹಾಯಕ್ಕೆ ಬರುತ್ತಾರೆ. "ನಾವಿಲ್ಲದ ಅವನ ಕೈ ಹ್ಯಾಂಗ ನಡೀತದ?" ಎಂದು ಶಿವಕಾಂತಮ್ಮ ಗಿರಣಿಗೆ ಬೀಗ ಹಾಕಿದಳು. ಹೇಗೂ ಶುಕ್ರವಾರ, ಸನ್ನತಿಯ ಚಂದ್ರಲಾಂಬೆಯ ದರ್ಶನವೂ ಆಗುತ್ತದೆ ಎಂದು ಇಡೀ ಓಣಿ ಒಂಬತ್ತೂವರೆಯ ಗಾಡಿ ಹತ್ತಿತು.

ಡ್ರೈವರ್ ಮಜೀದಸಾಬ ಹನ್ನೊಂದು ವರ್ಷ ಭಗವಂತನ ಜೋಡಿಯಾಗಿದ್ದವನು. ಕಿವಿ ಸ್ವಲ್ಪ ಮಂದ. ಇಂಜಿನ್ನಿನ ಗದ್ದಲದಲ್ಲಿ ಅವನಿಗೆ ಕೇಳುತ್ತಿದ್ದದ್ದು ಎರಡೇ ಮಾತು, ರೈಟ್ ಮತ್ತು ಹೋಲ್ಡಾನ್. ಅವುಗಳನ್ನು ಯಾರೇ ಅಂದರೂ ಅವನ ಕಾಲು ತಾನಾಗಿ ಪಾಲಿಸುತ್ತಿತ್ತು. ಆ ಗಾಡಿಗೆ ಗಂಟೆ ಇರಲಿಲ್ಲ. ಎಡಗಡೆಯ ಕನ್ನಡಿ ಹಿಂದಿನ ವಾರವೇ ಒಂದು ಹೋರಿಯ ಕೊಂಬಿಗೆ ಸಿಕ್ಕು ಒಡೆದಿತ್ತು.

"ಫಿಕರ್ ಮಾಡಬ್ಯಾಡ, ಭಗವಂತಾ," ಅಂದ ಮಜೀದಸಾಬ. "ನೀನು ಮಾತ ಅನ್ನು, ಉಳದದ್ದು ನನಗ ಬಿಡು."

ಕಲಬುರ್ಗಿಯ ಸಾಹೇಬರು ರಾಘವೇಂದ್ರರಾವ್, ನಿವೃತ್ತಿಗೆ ಎರಡು ವರ್ಷ ಉಳಿದವರು. ಹಣೆಯಲ್ಲಿ ಅಂಗಾರದ ಗೆರೆ, ಕಂಕುಳಲ್ಲಿ ಫೈಲು, ಮುಖದಲ್ಲಿ ಒಳ್ಳೆಯತನ. ಹಿಂದಿನ ಬಾಗಿಲ ಪಕ್ಕದ ಸೀಟಿನಲ್ಲಿ ಕೂತು, "ಶುರು ಮಾಡ್ರಿ, ಅಂಜಬ್ಯಾಡ್ರಿ," ಅಂದರು.

ಭಗವಂತ ಟಿಕೀಟಿನ ಕಟ್ಟನ್ನು ಹೊಸ ಕೈಗೆ ಕೊಟ್ಟು ಉಸಿರೆಳೆದುಕೊಂಡು "ರೈಟ್" ಅಂದ. ಗಾಡಿ ಹೊರಟಿತು, ಕೈ ಕಟ್ಟನ್ನು ಹಿಡಿಯಿತು. ಎಡಗೈಯಿಂದ ಟಿಕೀಟು ಹರಿದ, ತೂತು ಹೊಡೆದ, ಚಿಲ್ಲರೆ ಕೊಟ್ಟ. ಸಾಹೇಬರು ತಲೆದೂಗಿದರು. ಎರಡು ವರ್ಷದ ಮೇಲೆ ಭಗವಂತನ ಕಾಲಕೆಳಗೆ ಬಸ್ಸಿನ ನೆಲ ನಡುಗುತ್ತಿತ್ತು.

ಮೊದಲ ಹಳ್ಳಿ ಬಂತು. ಹಿಂದಿನ ಸೀಟಿನ ಯಾರೋ ಎದ್ದು ನಿಂತು, ಎಲ್ಲರೂ ಮಾಡುವಂತೆಯೇ, "ಹೋಲ್ಡಾನ್" ಎಂದು ಕೂಗಿದರು. ಗಾಡಿ ನಿಂತಿತು, ಕೈ ತೆರೆಯಿತು, ಟಿಕೀಟಿನ ಕಟ್ಟು ಕಾಲಡಿಗೆ ಬಿತ್ತು. ಸಾಹೇಬರು ಫೈಲು ತೆರೆದು ಏನೋ ಬರೆದರು.

ಭಗವಂತನಿಗೆ ಆಗ ಹೊಳೆಯಿತು. ಆಟದಲ್ಲಿ ಆ ಎರಡು ಮಾತು ಬುಟ್ಟಿಗೆ ಮಾತ್ರ ಇದ್ದವು. ಬಸ್ಸಿನಲ್ಲಿ ಅವು ಎಲ್ಲರ ಬಾಯಲ್ಲಿದ್ದವು.

ಬಾಗಿ ಕಟ್ಟು ಎತ್ತಿಕೊಳ್ಳಲು ಹೊಸ ಕೈ ಚಾಚಿದ. ಅಷ್ಟರಲ್ಲಿ ಇಳಿಯುವವರು ಇಳಿದರೆಂದು ಜಟ್ಟೆಪ್ಪ ಸಹಾಯಕ್ಕಾಗಿ "ರೈಟ್" ಅಂದ. ಕೈ ಮುಚ್ಚಿತು, ಕಟ್ಟಿನ ಮೇಲಲ್ಲ, ಪಕ್ಕದಲ್ಲಿ ಕೂತ ಜಟ್ಟೆಪ್ಪನ ರುಮಾಲಿನ ತುದಿಯ ಮೇಲೆ. ಭಗವಂತನಿಗೆ ಅದು ತಿಳಿಯಲಿಲ್ಲ. ಎಡಗೈಯಿಂದ ಟಿಕೀಟು ಎತ್ತಿಕೊಂಡು ಮುಂದೆ ನಡೆದ. ಅವನು ಡ್ರೈವರನ ಹತ್ತಿರ ಮುಟ್ಟುವ ಹೊತ್ತಿಗೆ ಹನ್ನೆರಡು ಮೊಳದ ರುಮಾಲು ಬಸ್ಸಿನ ಉದ್ದಕ್ಕೂ ಬಿಚ್ಚಿಕೊಂಡು, ಹಿಂದೆ ಜಟ್ಟೆಪ್ಪನ ಬೋಳುತಲೆ ಬಿಸಿಲಿಗೆ ಮಿಂಚುತ್ತಿತ್ತು.

"ನನ್ನ ರುಮಾಲ ಬಿಡಸ್ರೆಪಾ, ಹೋಲ್ಡಾನ್ ಅನ್ರಿ ಯಾರರೆ," ಅಂದ ಜಟ್ಟೆಪ್ಪ.

ಹಾಗೆ ಅಂದದ್ದೇ ಸಾಕಾಯಿತು. ಕೈ ರುಮಾಲನ್ನು ಬಿಟ್ಟಿತು, ಜೊತೆಗೆ ಗಾಡಿಯೂ ಬಯಲಿನ ನಡುವೆ ನಿಂತಿತು.

"ಇಲ್ಲಿ ಯಾಕ ನಿಂತದ?" ಎಂದು ಸಾಹೇಬರು ಕೇಳಿದರು.

"ರುಮಾಲಿಗಾಗಿರಿ," ಅಂದ ಭಗವಂತ. ಸಾಹೇಬರು ಅದನ್ನೂ ಬರೆದುಕೊಂಡರು.

ಮುಂದೆ ಅವನು ಊದುವ ಸೀಟಿ ಹಿಡಿದ; ಅದರ ಚೂಪು ಸದ್ದು ಮಜೀದಸಾಬನ ಮಂದ ಕಿವಿಗೂ ಮುಟ್ಟುತ್ತಿತ್ತು. ಒಂದು ಊದಿದರೆ ನಿಲ್ಲುವುದು, ಎರಡು ಊದಿದರೆ ಹೊರಡುವುದು. ಮಾತಿನ ಗೊಡವೆಯೇ ಬೇಡ. ಎರಡು ಹಳ್ಳಿ ಸರಾಗವಾಗಿ ದಾಟಿದವು. ವಾಡಿಯಲ್ಲಿ ಮಾತ್ರ, ಯಾರಿಗೋ ದರ ಹೇಳಲೆಂದು ಸೀಟಿಯನ್ನು ಬಾಯಿಂದ ತೆಗೆದು ಹೊಸ ಕೈಗೆ ಹಿಡಿಸಿ ಬಾಗಿಲಲ್ಲಿ ನಿಂತಿದ್ದಾಗ, ಶಿವಕಾಂತಮ್ಮ ಮುಂದಿನ ಸೀಟಿನಿಂದ "ಹೋಲ್ಡಾನ್, ಇನ್ನೂ ಜನ ಹತ್ತಲಿಕತ್ತಾರ" ಅಂದಳು. ಸೀಟಿ ಪುಟಿದು ಗಟಾರಕ್ಕೆ ಬಿತ್ತು.

ಹತ್ತಿದವರು ದೇವಿಯ ಭಕ್ತರು, ಮೂವತ್ತಕ್ಕೂ ಮೇಲೆ. ನಿಂತವರ ನಡುವೆ ಒಂದು ಕಡ್ಡಿ ಹಾಯಲೂ ಜಾಗ ಉಳಿಯಲಿಲ್ಲ. ಭಗವಂತ ಹಿಂದಿನ ಬಾಗಿಲಿಗೆ ಒತ್ತಿಕೊಂಡು ನಿಂತು ಎಲ್ಲರಿಗೂ ಕೈಮುಗಿದ. ಅದೂ ಒಂದೇ ಕೈ.

"ಒಂದು ವಿನಂತಿ ಅದರಿ. ಎರಡು ಮಾತು ಯಾರೂ ಅನಬ್ಯಾಡ್ರಿ."

"ಯಾವ ಎರಡು ಮಾತರಿ?" ಎಂದರು ಭಕ್ತರು.

ಭಗವಂತ ಬಾಯಿ ತೆರೆದ, ಮುಚ್ಚಿದ. ಓಣಿಯವರು ಅರ್ಥವಾದವರಂತೆ ಮುಖ ಕೆಳಗೆ ಹಾಕಿದರು. ಇಷ್ಟು ದಿನ ತಾವು ಕಲಿಸಿದ್ದು ಏನೆಂದು ಅವರಿಗೂ ಆಗಲೇ ತಿಳಿದದ್ದು.

ನಾಲವಾರ ದಾಟಿ ಎರಡು ಮೈಲಿ ಹೋದ ಮೇಲೆ ಒಂದು ಕೈಮರದ ಹತ್ತಿರ ಎಮ್ಮೆಗಳು ಅಡ್ಡ ಬಂದು ಗಾಡಿ ನಿಂತಿತು. ಗಾಡಿಯ ಟಾಪಿನ ಮೇಲೆ ಎಷ್ಟು ಜನರಿದ್ದಾರೆ ನೋಡುತ್ತೇನೆಂದು ಸಾಹೇಬರು ಇಳಿದರು. ಎಣಿಸಿ ತಿರುಗಿ ಹತ್ತಲು ಬಂದರು. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ನೆಲದ ಮೇಲೆ. ಭಗವಂತ ಎಡಗೈಯಿಂದ ಕಂಬಿ ಹಿಡಿದು, ಅವರ ಫೈಲು ತೆಗೆದುಕೊಳ್ಳಲು ಹೊಸ ಕೈಯನ್ನು ಚಾಚಿ ಬಗ್ಗಿದ. ಎಮ್ಮೆ ಸರಿದದ್ದು ಕಂಡು ಮುಂದಿನಿಂದ ಒಬ್ಬ ಭಕ್ತ, ಏನೂ ಅರಿಯದ ಪಾಪದವನು, ಕೂಗಿಬಿಟ್ಟ: "ರೈಟ್."

ಗಾಡಿ ಜಿಗಿಯಿತು. ಸಾಹೇಬರ ಕಾಲು ಜಾರಿತು. ಅದೇ ಮಾತಿಗೆ ಕೈಯೂ ಮುಚ್ಚಿತು. ಫೈಲು ರಸ್ತೆಗೆ ಬಿತ್ತು. ಕೈ ಸಿಕ್ಕಿಕೊಂಡದ್ದು ಸಾಹೇಬರ ಸೊಂಟದ ಬೆಲ್ಟಿಗೆ. ರಾಘವೇಂದ್ರರಾಯರು ಒಂದು ಪಾದದ ತುದಿಯನ್ನು ಮೆಟ್ಟಿಲಿಗೆ ಊರಿ, ಉಳಿದ ಮೈಯನ್ನು ಗಾಳಿಗೆ ಬಿಟ್ಟು, ಬಾವಿಯ ಕೊಡದಂತೆ ತೂಗತೊಡಗಿದರು. ಕೆಳಗೆ ಜಲ್ಲಿಕಲ್ಲಿನ ರಸ್ತೆ ಓಡುತ್ತಿತ್ತು.

ಅವರು ಬಾಯಿ ತೆರೆದರು. ಎಂಥವನೂ ಆಗ ಕೂಗುವ ಮಾತು ಅದೊಂದೇ.

"ಸಾಹೇಬರ, ಆ ಮಾತು ಅನಬ್ಯಾಡ್ರಿ," ಅಂದ ಭಗವಂತ. "ಆ ಮಾತು ಅಂದ್ರ ಕೈ ಬಿಡ್ತದರಿ."

"ಯಾವ ಮಾತು?"

"ಅದನ್ನ ಹೇಳಲಿಕ್ಕ ಬರಂಗಿಲ್ಲರಿ."

ಸಾಹೇಬರು ಬುದ್ಧಿವಂತರು. ಟಿಕೀಟಿನ ಕಟ್ಟು, ರುಮಾಲು, ಸೀಟಿ, ಎಲ್ಲವೂ ಒಂದು ಕ್ಷಣದಲ್ಲಿ ಅವರ ತಲೆಯಲ್ಲಿ ಜೋಡಿಸಿಕೊಂಡವು. ಬಾಯಿ ಗಟ್ಟಿಯಾಗಿ ಮುಚ್ಚಿ ಮನಸ್ಸಿನಲ್ಲೇ ಗುರುರಾಯರನ್ನು ನೆನೆದರು.

ಗಾಡಿ ನಿಲ್ಲಿಸುವ ಮಾತೇ ಕೈ ತೆರೆಸುವ ಮಾತು. ಮಜೀದಸಾಬನಿಗೆ ಬೇರೆ ಯಾವ ಕೂಗೂ ಕೇಳದು. ಹತ್ತಿರ ಹೋಗಿ ಹೇಳೋಣವೆಂದರೆ ನಡುವೆ ಎಪ್ಪತ್ತು ಜನ. ಜಟ್ಟೆಪ್ಪ ಬಗ್ಗಿ ಸಾಹೇಬರ ಅಂಗಿಯನ್ನು ಹಿಡಿಯಲು ನೋಡಿದ, ಕೈ ಎಟಕಲಿಲ್ಲ. ಕೊನೆಗೆ ಮುಂದಿನವನ ಕಿವಿಯಲ್ಲಿ ಹೇಳಿದ: "ಡ್ರೈವರನ ಭುಜ ತಟ್ಟಿ ಗಾಡಿ ನಿಲ್ಲಸಲಿಕ್ಕ ಹೇಳ್ರಿ. ಕೂಗಬ್ಯಾಡ್ರಿ. ಮುಂದ ದಾಟಸ್ರಿ." ಆ ಮಾತು ಕಿವಿಯಿಂದ ಕಿವಿಗೆ ದಾಟುತ್ತ ಹೊರಟಿತು. ಇಡೀ ಬಸ್ಸು ಉಸಿರು ಬಿಗಿ ಹಿಡಿಯಿತು.

ಸುದ್ದಿ ಒಂದಕ್ಷರವೂ ಕೆಡದೆ ಮುಂದಿನ ಸೀಟಿಗೆ ಮುಟ್ಟಿತು. ಅಲ್ಲಿ ಕೂತವಳು ಶಿವಕಾಂತಮ್ಮ. ಪೂರ್ತಿ ಕೇಳಿಸಿಕೊಂಡಳು, ಅರ್ಥಮಾಡಿಕೊಂಡಳು, ಡ್ರೈವರನ ಭುಜ ತಟ್ಟಲು ಕೈಯನ್ನೂ ಎತ್ತಿದಳು. ಆದರೆ ಜೀವ ಬಾಯಿಗೆ ಬಂದಿತ್ತು, ಮೂವತ್ತು ವರ್ಷದ ಗಿರಣಿಯ ಗಂಟಲು ಕೈಗಿಂತ ಮೊದಲು ಓಡಿತು.

"ಹೋಲ್ಡಾನ್."

ಮೂರು ಹೊಲದಾಚೆಯ ಕೊಕ್ಕರೆಗಳು ಎದ್ದು ಹಾರಿದವು. ಮಜೀದಸಾಬ ಬ್ರೇಕಿನ ಮೇಲೆ ನಿಂತ. ಗಾಡಿ ಕಿರುಚುತ್ತ ಇನ್ನೂ ಮೂವತ್ತು ಮಾರು ಓಡುವುದಿತ್ತು.

ಭಗವಂತನ ತೋಳಿನ ಹೊರಮಗ್ಗುಲು ಚಿಮ್ಮಿತು. ಬೆರಳುಗಳು ಒಂದು ಎಳ್ಳಿನಷ್ಟು ಸಡಿಲಾದವು. ಅವನಿಗೆ ಆಗ ಕಂಡದ್ದು ಪೇರಲವಲ್ಲ, ಬುಟ್ಟಿಯಲ್ಲ. ಸೇಡಂ ರಸ್ತೆ ಕಂಡಿತು, ಹೊರಗಿದ್ದ ತನ್ನ ಕೈ ಕಂಡಿತು, ಒಳಗೆ ತಗೋ ಎಂದು ಆ ದಿನ ತನಗೆ ಯಾರೂ ಹೇಳಿರಲಿಲ್ಲ ಎಂಬುದು ನೆನಪಾಯಿತು. ಕೈಯ ತುದಿಯಲ್ಲಿ ಒಬ್ಬ ಮನುಷ್ಯನ ಭಾರ ಇತ್ತು. ಭಗವಂತ ಆ ಭಾರವನ್ನೇ ಹಿಡಿದ. ಮಾತು ಕಿವಿಯಲ್ಲೇ ಉಳಿಯಿತು, ತೋಳಿಗೆ ಇಳಿಯಲಿಲ್ಲ. ಬೆರಳುಗಳು ಮತ್ತೆ ಕೂಡಿಕೊಂಡವು.

ಗಾಡಿ ನಿಂತಿತು. ಸಾಹೇಬರ ಎರಡನೆಯ ಕಾಲು ಮೆಟ್ಟಿಲು ಮುಟ್ಟಿತು. ಓಣಿಯವರು ಸೇರಿ ಅವರನ್ನು ಒಳಗೆಳೆದುಕೊಂಡರು. ಆಮೇಲೆ ಭಗವಂತ, ಯಾರೂ ಏನೂ ಅನ್ನದೆ, ತಾನೇ ಮನಸ್ಸು ಮಾಡಿ ಕೈ ತೆರೆದ. ಅದು ನಿಧಾನಕ್ಕೆ, ಸೊಗಸಾಗಿ ತೆರೆಯಿತು. ಅವನು ಅದನ್ನು ಇನ್ನೊಮ್ಮೆ ಮುಚ್ಚಿದ, ಇನ್ನೊಮ್ಮೆ ತೆರೆದ. ಎರಡು ವರ್ಷದಲ್ಲಿ ಮೊದಲ ಸಲ ಅವನಿಗೆ ಎರಡು ಕೈ ಇದ್ದವು.

ಸಾಹೇಬರನ್ನು ಬೇವಿನ ಮರದ ನೆರಳಿಗೆ ಕೂರಿಸಿ ನೀರು ಕುಡಿಸಿದರು. ಒಬ್ಬ ಭಕ್ತ ಫೈಲು ಹುಡುಕಿ ತಂದ. ಅವರು ಅದರ ಧೂಳು ಕೊಡವಿ ಕಂಕುಳಿಗೆ ಸೇರಿಸಿದರು. ಇನ್ನು ಭಗವಂತನ ನೌಕರಿಯೇ ಹೋಯಿತೆಂದು ಜಟ್ಟೆಪ್ಪ ರುಮಾಲು ಬಿಗಿ ಮಾಡಿಕೊಂಡ. ಆಮೇಲೆ ಗಾಡಿ ಹೊರಟಿತು. ಅಲ್ಲಿಂದ ಸನ್ನತಿಯ ತನಕ, ಸನ್ನತಿಯಿಂದ ತಿರುಗಿ ಚಿತ್ತಾಪುರದ ತನಕ, ಯಾರು ಬೇಕಾದವರು ಏನು ಬೇಕಾದ್ದು ಕೂಗಿದರು. ಕೈ ಟಿಕೀಟಿನ ಕಟ್ಟನ್ನು ಬಿಡಲಿಲ್ಲ. ಭಗವಂತ ಹಾಡಿನಂಥ ದನಿಯಲ್ಲಿ ರೈಟ್ ಅಂದ, ಹೋಲ್ಡಾನ್ ಅಂದ, ಬೇಕೆಂದಾಗ ಕಟ್ಟನ್ನು ಎಡಗೈಗೆ ದಾಟಿಸಿ ಚಿಲ್ಲರೆಯನ್ನೂ ಹೊಸ ಕೈಯಿಂದಲೇ ಕೊಟ್ಟ. ಸಾಹೇಬರು ಅದನ್ನೆಲ್ಲ ನೋಡುತ್ತ, ನಡುನಡುವೆ ಕನ್ನಡಕ ಒರೆಸಿಕೊಳ್ಳುತ್ತ, ಎರಡು ಪುಟ ಬರೆದರು.

ಡಿಪೋದಲ್ಲಿ ಇಳಿದ ಮೇಲೆ ಅವರು ಭಗವಂತನ ಎರಡೂ ಕೈ ಹಿಡಿದುಕೊಂಡರು.

"ನೀವು ಇರಲಿಲ್ಲಂದ್ರ ಇವತ್ತ ನನ್ನ ಮನಿಗಿ ಬ್ಯಾರೆ ಸುದ್ದಿ ಹೋಗ್ತಿತ್ತು. ನನ್ನ ಕೈಲಿ ಏನಾಗ್ತದೋ ಅದು ಮಾಡೀನಿ. ಓದ್ರಿ."

ಓಣಿಯೆಲ್ಲ ಸುತ್ತ ನಿಂತಿತು. ಭಗವಂತ ಹೊಸ ಕೈಯಲ್ಲಿ ಕಾಗದ ಹಿಡಿದು ಗಟ್ಟಿಯಾಗಿ ಓದಿದ. ಸದರಿ ನೌಕರನು ಕೈಯ ಮೇಲೆ ಸಂಪೂರ್ಣ ಹಿಡಿತ ಸಾಧಿಸಿರುತ್ತಾನೆ ಎಂದಿತ್ತು. ಕಂಡಕ್ಟರನ ಎಲ್ಲ ಕೆಲಸಕ್ಕೂ ಅರ್ಹನು ಎಂದಿತ್ತು. ಪರೀಕ್ಷೆಯಲ್ಲಿ ತೇರ್ಗಡೆ ಎಂದಿತ್ತು. ಓಣಿ ಚಪ್ಪಾಳೆ ತಟ್ಟಿತು. ಭಗವಂತ ಪುಟ ತಿರುಗಿಸಿದ. ಆದರೆ ಬಸ್ಸಿನ ಬಾಗಿಲಲ್ಲಿ ನಿಲ್ಲುವವನ ಅಪಾಯವನ್ನು ಈ ದಿನ ತಾವು ಸ್ವತಃ ಅನುಭವಿಸಿರುವುದರಿಂದ, ಒಮ್ಮೆ ಕೈ ಕಳೆದುಕೊಂಡ, ಈಗ ಒಂದು ಜೀವ ಉಳಿಸಿದ ಇಂಥ ಅಪರೂಪದ ನೌಕರನನ್ನು ಮತ್ತೆ ಆ ಬಾಗಿಲಿಗೆ ಕಳಿಸುವುದು ಕೃತಘ್ನತೆಯಾಗುತ್ತದೆ. ಆದ್ದರಿಂದ ಆತನನ್ನು ನಿವೃತ್ತಿಯವರೆಗೆ ಡಿಪೋದ ಗೇಟಿನಲ್ಲಿಯೇ ಸುರಕ್ಷಿತವಾಗಿ ಇರಿಸತಕ್ಕದ್ದು. ಗೌರವಾರ್ಥವಾಗಿ ಹೊಸ ಕುರ್ಚಿ ಒದಗಿಸತಕ್ಕದ್ದು.

"ಖಾಯಂ ಆಯ್ತು ಬಿಡು, ತಮ್ಮಾ," ಎಂದು ಶಿವಕಾಂತಮ್ಮ ಕಣ್ಣೊರೆಸಿಕೊಂಡಳು. "ಆರಾಮ ಕುಂದ್ರು."

ಭಗವಂತ ಬಾಯಿ ತೆರೆದ. ಲೈನು ಬೇಕ್ರಿ, ಸಾಹೇಬರ, ಅನ್ನಬೇಕೆಂದಿದ್ದ. ಸಾಹೇಬರ ಕಣ್ಣು ತುಂಬಿದ್ದವು. "ಭಾಳ ಉಪಕಾರಾಯ್ತರಿ," ಅಂದ. ಜೀವಮಾನದಲ್ಲಿ ಬಾಯಿ ಮುಚ್ಚಿಕೊಳ್ಳಲು ಬಾರದಿದ್ದವನಿಗೆ, ಬಿಚ್ಚಲೇಬೇಕಾದ ಒಂದು ದಿನ ಅದು ಬಿಚ್ಚಲಿಲ್ಲ. ಅನಸುಬಾಯಿ ದೂರದಿಂದ ಅವನ ಮುಖ ನೋಡಿದಳು, ಅವಳೊಬ್ಬಳೇ ಚಪ್ಪಾಳೆ ತಟ್ಟಲಿಲ್ಲ.

ಎಲ್ಲರೂ ಹೋದ ಮೇಲೆ ಅವಳು ಹತ್ತಿರ ಬಂದಳು.

"ನಿಮಗ ಬೇಕಾದ್ದು ಸಿಗಲಿಲ್ಲ," ಅಂದಳು.

"ಸಿಕ್ಕದ," ಅಂದ ಭಗವಂತ, ಕೈಯನ್ನು ತೆರೆದು ಮುಚ್ಚಿ ತೋರಿಸುತ್ತ. "ಇಟ್ಟುಕೊಳ್ಳಲಿಕ್ಕ ಜಾಗ ಸಿಗಲಿಲ್ಲ, ಅಷ್ಟೇ."

ಸಂಜೆ ಐದೂವರೆಗೆ ಮಜೀದಸಾಬ ಸೇಡಂ ಗಾಡಿ ತೆಗೆದ. ಹಿಂದೆ ಒಬ್ಬ ಹೊಸ ಕಂಡಕ್ಟರು. ಗೇಟಿನ ಬಳಿ ಗಾಡಿ ತಾನಾಗಿ ನಿಂತಿತು. ಮಜೀದಸಾಬ ಭಗವಂತನ ಮುಖ ನೋಡುತ್ತ ಕಾದ. ಭಗವಂತ ಕುರ್ಚಿಯಿಂದ ಎದ್ದು ಹನ್ನೊಂದು ವರ್ಷ ಅವನಿಗೆ ಕೇಳಿಸಿದ ಅದೇ ದನಿಯಲ್ಲಿ "ರೈಟ್" ಅಂದ. ಗಾಡಿ ಹೊರಟಿತು.

ಆದೇಶದ ಕಾಗದ ಇನ್ನೂ ಆ ಕೈಯಲ್ಲೇ ಇತ್ತು. ನಿನ್ನೆಯಾಗಿದ್ದರೆ ಆ ಮಾತಿಗೆ ಕೈ ಮುಚ್ಚಿ ಅದನ್ನು ಮುದ್ದೆ ಮಾಡಿಬಿಡುತ್ತಿತ್ತು, ತಪ್ಪು ತನ್ನದಲ್ಲ ಎಂದು ಹೇಳಬಹುದಿತ್ತು. ಭಗವಂತ ಇನ್ನೊಮ್ಮೆ, ಮೆಲ್ಲಗೆ, "ರೈಟ್" ಅಂದು ನೋಡಿದ. ಕೈ ಅಲುಗಲಿಲ್ಲ. ಇನ್ನು ಮೇಲೆ ಏನು ಮುದ್ದೆ ಮಾಡಬೇಕಾದರೂ ತಾನೇ ಮನಸ್ಸು ಮಾಡಬೇಕು. ಅವನು ಕಾಗದವನ್ನು ಇನ್ನೊಮ್ಮೆ ನೋಡಿದ. ಒಳ್ಳೆಯ ಮನುಷ್ಯನೊಬ್ಬ ಒಳ್ಳೆಯ ಮನಸ್ಸಿನಿಂದ ಬರೆದದ್ದು. ಅದನ್ನು ಎರಡೂ ಕೈಯಿಂದ ನೀಟಾಗಿ ಮಡಚಿ ಕಿಸೆಗಿಟ್ಟು, ಹೊಸ ಕೈಯಲ್ಲಿ ಪೆನ್ನು ಹಿಡಿದು ಸೇಡಂ ಗಾಡಿಯ ನಂಬರು ಬರೆದ. ಅಕ್ಷರ ಬಹಳ ಚೆನ್ನಾಗಿ ಬಂತು.